ಹಗ್ಗ ಎಲ್ಲಿಂದ ಇಳಿಬಿಡೋಣ?

ಬಾವಿ ಆಳವಾದಷ್ಟೂ ಕೊಡಕ್ಕಿಂತ ಹಗ್ಗವೇ ಭಾರ ಎಂಬುದು ನೀರು ಸೇದಿದವರಿಗೆಲ್ಲ ಗೊತ್ತು. ಬಾಹ್ಯಾಕಾಶಕ್ಕೆ ಲಿಫ್ಟ್ ಕಟ್ಟಲು ಹೊರಟವರನ್ನು ಅರವತ್ತು ವರ್ಷಗಳಿಂದ ಕಾಡುತ್ತಿರುವುದೂ ಇದೇ ತೊಡಕು.

ಕಲ್ಪನೆಯೇನೋ ಸರಳ. ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಭೂಮಿಯ ಜೊತೆಜೊತೆಗೇ ಸುತ್ತುತ್ತ ಒಂದೇ ಕಡೆ ನಿಂತಂತೆ ಕಾಣುತ್ತದೆ; ಇದೇ ಭೂಸ್ಥಿರ ಕಕ್ಷೆ. (ಹಾಸನದ ನಿಯಂತ್ರಣ ಕೇಂದ್ರ ಹಗಲಿರುಳು ಕಾಯುವ ಇಸ್ರೋ ಉಪಗ್ರಹಗಳ ನೆಲೆಯೂ ಇದೇ ಎತ್ತರ.) ಅಲ್ಲಿಂದ ನೆಲಕ್ಕೆ ಹಗ್ಗ ಇಳಿಬಿಟ್ಟು, ತೂಕ ಸರಿದೂಗಲು ಆಚೆಗೂ ಚಾಚಿದರಾಯಿತು ಎಂದು ರಷ್ಯಾದ ಎಂಜಿನಿಯರ್ ಯೂರಿ ಆರ್ಟ್ಸುತಾನೊವ್ 1960ರಲ್ಲೇ ಬರೆದರು. ಜಪಾನಿನ ಒಬಯಾಶಿ ಕಂಪನಿ 2012ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಹಗ್ಗದ ಉದ್ದ 96,000 ಕಿ.ಮೀ.! ಉಕ್ಕಿನ ತಂತಿಯಾದರೆ ಕೆಲವು ಹತ್ತು ಕಿಲೋಮೀಟರ್ ಜೋತುಬೀಳುವಷ್ಟರಲ್ಲಿ ತನ್ನ ಭಾರಕ್ಕೆ ತಾನೇ ಕಡಿಯುತ್ತದೆ. ಎಲ್ಲರ ಕಣ್ಣೂ ಇಂಗಾಲದ ನ್ಯಾನೊ ಕೊಳವೆಗಳ ಮೇಲೆ. ಆದರೆ 2013ರಲ್ಲಿ ಚೀನಾದ ವಿಜ್ಞಾನಿಗಳು ಬೆಳೆಸಿದ, ಆವರೆಗಿನ ಅತಿ ಉದ್ದದ ಕೊಳವೆ ಅರ್ಧ ಮೀಟರಿಗಿಂತ ತುಸು ಹೆಚ್ಚು, ಅಷ್ಟೆ.

ಹಗ್ಗವನ್ನು ನೆಲಕ್ಕೆ ಕಟ್ಟಲೇಬೇಕೆ? ಬೇಡ ಎಂದರು ರೊಬಾಟ್ ತಜ್ಞ ಹಾನ್ಸ್ ಮೊರಾವೆಕ್. 1977ರ ಅವರ ಲೆಕ್ಕಾಚಾರದಲ್ಲಿ ಹಗ್ಗವು ಭೂಮಿಯನ್ನು ಸುತ್ತುತ್ತಲೇ ತಾನೂ ಗಾಲಿಯಂತೆ ಉರುಳುತ್ತದೆ. ಉರುಳುವ ಬಂಡಿಗಾಲಿಯಲ್ಲಿ ನೆಲ ಮುಟ್ಟಿದ ಜಾಗ ಆ ಕ್ಷಣಕ್ಕೆ ನಿಂತೇ ಇರುತ್ತದಲ್ಲ, ಹಾಗೆಯೇ ಹಗ್ಗದ ತುದಿ ಕೆಳಗೆ ಬಂದಾಗ ಅರೆಗಳಿಗೆ ನಿಂತಂತಾಗಿ, ಸರಕನ್ನು ಕೊಂಡಿಗೆ ಸಿಕ್ಕಿಸಿಕೊಂಡು ಮೇಲಕ್ಕೆ ಬೀಸಿ ಎಸೆಯುತ್ತದೆ. ಆ ಅರೆಗಳಿಗೆ ತಪ್ಪಿತೋ, ಮುಂದಿನ ಸುತ್ತಿಗೆ ಕಾಯಬೇಕು.

ಎಂಜಿನಿಯರ್ ಕೀತ್ ಲಾಫ್‌ಸ್ಟ್ರಾಮ್ ಅವರದು ಇನ್ನೂ ಎದೆಗಾರಿಕೆಯ ಯೋಚನೆ. ನೀರು ರಭಸದಿಂದ ನುಗ್ಗಿದಾಗ ತೋಟದ ಪೈಪು ಸೆಟೆದು ಏಳುವುದನ್ನು ನೆನಪಿಸಿಕೊಳ್ಳಿ. ಅವರ ‘ಲಾಂಚ್ ಲೂಪ್’ನಲ್ಲಿ ನೀರಿನ ಬದಲು ಕಬ್ಬಿಣದ ಪಟ್ಟಿ ಸೆಕೆಂಡಿಗೆ 14 ಕಿ.ಮೀ. ವೇಗದಲ್ಲಿ ಕೊಳವೆಯೊಳಗೆ ಓಡುತ್ತದೆ; ಆ ಓಟದ ಬಲವೇ 2,000 ಕಿ.ಮೀ. ಉದ್ದದ ಹಳಿಯನ್ನು 80 ಕಿ.ಮೀ. ಎತ್ತರದಲ್ಲಿ ಹಿಡಿದು ನಿಲ್ಲಿಸುತ್ತದೆ. ಹೊಸ ವಸ್ತು ಬೇಡ ನಿಜ, ಆದರೆ ಓಟ ನಿಂತರೆ ಹಳಿಯೂ ಇಲ್ಲ.

ಇವುಗಳ ನಡುವೆ ನಂಬಬಹುದಾದದ್ದು 2019ರಲ್ಲಿ ಇಬ್ಬರು ಯುವ ಖಗೋಳ ವಿಜ್ಞಾನಿಗಳು, ಜೆಫಿರ್ ಪೆನೊಯ್ರ್ ಮತ್ತು ಎಮಿಲಿ ಸ್ಯಾಂಡ್‌ಫರ್ಡ್, ಮಂಡಿಸಿದ ‘ಸ್ಪೇಸ್‌ಲೈನ್’. ಅದರ ಹಗ್ಗ ತೂಗುವುದು ಚಂದ್ರನಿಂದ. ಚಂದ್ರ ಸದಾ ಒಂದೇ ಮುಖ ತೋರಿಸುವುದರಿಂದ ಹಗ್ಗ ಸುತ್ತಿಕೊಳ್ಳುವುದಿಲ್ಲ; ಭೂಮಿಯ ಸೆಳೆತವೇ ಅದನ್ನು ಬಿಗಿಯಾಗಿಡುತ್ತದೆ. ಈಚಿನ ತುದಿ ಭೂಸ್ಥಿರ ಕಕ್ಷೆಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಭೂಮಿಯ ಜಗ್ಗಾಟ ಕಡಿಮೆ. ಉದ್ದ 3 ಲಕ್ಷ ಕಿಲೋಮೀಟರ್ ಮೀರಿದರೂ ಈಗಿರುವ ಗಟ್ಟಿ ನಾರುಗಳೇ ಸಾಕು. ಭೂಮಿಯಿಂದ ಆ ತುದಿಯವರೆಗೆ ಮಾತ್ರ ರಾಕೆಟ್ಟೇ ಗತಿ.

ಕಾಗದದಾಚೆಗಿನ ಅನುಭವ ಇನ್ನೂ ಚಿಕ್ಕದು. 1996ರಲ್ಲಿ ಕೊಲಂಬಿಯಾ ನೌಕೆಯಿಂದ ಬಿಚ್ಚಿದ ತಂತಿ ಇಪ್ಪತ್ತು ಕಿಲೋಮೀಟರ್ ಮುಟ್ಟುವ ಮುನ್ನವೇ ವಿದ್ಯುತ್ ಕಿಡಿಗೆ ಸುಟ್ಟು ತುಂಡಾಯಿತು. 2007ರಲ್ಲಿ ಯುರೋಪಿನ ವಿದ್ಯಾರ್ಥಿಗಳ ವೈಇಎಸ್-2 ಪ್ರಯೋಗದಲ್ಲಿ ಬಿಚ್ಚಿಕೊಂಡ ದಾರದ ಉದ್ದ 30 ಕಿಲೋಮೀಟರಿಗೂ ಹೆಚ್ಚು, ದಪ್ಪ ಅರ್ಧ ಮಿಲಿಮೀಟರ್.