ಅಂಗಡಿ ಲೆಕ್ಕ 'ಕ್ಲೌಡ್'ಗೆ ಹೋದಾಗ

ಅಂಗಡಿ ಲೆಕ್ಕವನ್ನು ಕ್ಲೌಡ್‌ಗೆ ಹಾಕಬಹುದೇ ಎಂದು ಸೊಲ್ಲಾಪುರ, ಹೊಸೂರು, ಆದೋನಿ ಕಡೆಯ ವ್ಯಾಪಾರಿ ಸದಸ್ಯರು ಕೇಳುತ್ತಿದ್ದಾರೆ. ಕ್ಲೌಡ್ ಆಕಾಶದಲ್ಲಿಲ್ಲ; ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುವುದು, ಅಷ್ಟೇ. ಅಂಥ ಕಟ್ಟಡಗಳು ನಮ್ಮ ಸುತ್ತಲೇ ಇವೆ: ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ, ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಶುರುಮಾಡಿದವು.

ನಮ್ಮವರನ್ನು ಇತ್ತ ತಳ್ಳಿದ್ದು ಹೆಚ್ಚಾಗಿ ಜಿಎಸ್‌ಟಿ. 2020ರಲ್ಲಿ 500 ಕೋಟಿ ವಹಿವಾಟು ದಾಟಿದವರಿಗಷ್ಟೇ ಇದ್ದ ಇ-ಇನ್‌ವಾಯ್ಸ್, 2023ರ ಆಗಸ್ಟ್‌ನಿಂದ 5 ಕೋಟಿ ದಾಟಿದವರಿಗೂ ಕಡ್ಡಾಯವಾಯಿತು. ಕ್ಲೌಡ್‌ನಿಂದ ಲಾಭವುಂಟು, ಅಂಗಡಿಯ ಕಂಪ್ಯೂಟರ್ ಕೆಟ್ಟರೂ ಲೆಕ್ಕ ಉಳಿಯುತ್ತದೆ. ಆದರೆ ಖಾತೆಯೂ ಓಟಿಪಿಯೂ ಗುಮಾಸ್ತರ ಫೋನಿನಲ್ಲಿದ್ದರೆ, ಅವರು ಕೆಲಸ ಬಿಟ್ಟ ದಿನ ನಿಮ್ಮ ಲೆಕ್ಕಕ್ಕೆ ನಿಮಗೇ ಬೀಗ. (ಗುಮಾಸ್ತರಾಗಿದ್ದ ನಾವೇ ಹೇಳುತ್ತಿದ್ದೇವೆ!) ಖಾತೆ ಮಾಲೀಕರ ಹೆಸರಿನಲ್ಲಿ, ಮಾಲೀಕರ ನಂಬರಿನಲ್ಲೇ ಇರಲಿ. ತಿಂಗಳಿಗೊಮ್ಮೆ ಒಂದು ಪ್ರತಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿಡಿ. ಬಾಡಿಗೆ ಕಟ್ಟದಿದ್ದರೆ ಲೆಕ್ಕ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಸೇರುವ ಮೊದಲೇ ಕೇಳಿ.

ಎಐ ಬೇರೆ ಮಾತು. ಕೇಂದ್ರ ಸರ್ಕಾರ 2022ರಲ್ಲಿ ತಂದ 'ಭಾಷಿಣಿ'ಯಲ್ಲಿ ಕನ್ನಡವೂ ಇದೆ. ಮರಾಠಿ, ತೆಲುಗು, ತಮಿಳು ಪತ್ರವನ್ನು ಕನ್ನಡದಲ್ಲಿ ಓದಲು ನೆರವಾಗುತ್ತದೆ. ಯಂತ್ರದ ಅನುವಾದದಲ್ಲಿ ದರ, ತಾರೀಖು, ಹೆಸರು ತಪ್ಪುವುದುಂಟು. ಮೂಲದೊಡನೆ ತಾಳೆ ನೋಡದೆ ಸಹಿ ಹಾಕಬೇಡಿ. ಗಿರಾಕಿಗಳ ಆಧಾರ್ ಪ್ರತಿಯನ್ನಂತೂ ಉಚಿತ ಎಐ ಆ್ಯಪ್‌ಗಳಿಗೆ ಹಾಕಲೇಬೇಡಿ.