ಅಂಗೈಗೂ ಒಲಿಯುವ ಪಿಯಾನೊ

ಪಿಯಾನೊ ಕಂಡ ಪುಟ್ಟ ಮಗು ಮೊದಲು ಎರಡೂ ಅಂಗೈಗಳಿಂದ ಅದರ ಮೇಲೆ ಬಡಿಯುತ್ತದೆ. ಆಮೇಲೆ ಒಂದು ಬೆರಳನ್ನು ಈ ತುದಿಯಿಂದ ಆ ತುದಿಯವರೆಗೆ ಸರ್ರನೆ ಜಾರಿಸುತ್ತದೆ. ಅಷ್ಟರಲ್ಲಿ ದೊಡ್ಡವರು ಯಾರಾದರೂ ಬಂದು ಕೈ ಹಿಡಿದು ಎಳೆಯುವುದು ವಾಡಿಕೆ. ಹಂಗೇರಿಯ ಸಂಯೋಜಕ ಗ್ಯೋರ್ಗಿ ಕುರ್ತಾಗ್ ಆ ಬಡಿತವನ್ನೂ ಜಾರಾಟವನ್ನೂ ಪಾಠದೊಳಕ್ಕೇ ತಂದುಕೊಂಡರು.

1926ರಲ್ಲಿ ಹುಟ್ಟಿದ ಕುರ್ತಾಗ್ ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿಯಲ್ಲಿ 1967ರಿಂದ ಮೇಷ್ಟರಾಗಿದ್ದರು. 1973ರಲ್ಲಿ ಮರಿಯಾನ್ ತ್ಯೋಕೆ ಎಂಬ ಪಿಯಾನೊ ಶಿಕ್ಷಕಿ ಮಕ್ಕಳಿಗಾಗಿ ಹೊಸ ಕೃತಿಗಳನ್ನು ಬರೆದುಕೊಡಿ ಎಂದು ಕೇಳಿದರು. ಅಲ್ಲಿಂದ ಹುಟ್ಟಿದ್ದು 'ಯಾಟೇಕೊಕ್', ಅಂದರೆ 'ಆಟಗಳು'. ಮೊದಲ ನಾಲ್ಕು ಸಂಪುಟಗಳು 1979ರಲ್ಲಿ ಅಚ್ಚಾದವು.

ಪುಸ್ತಕ ತೆರೆದರೆ ಸಾಮಾನ್ಯ ಸ್ವರಲಿಪಿಯ ಜೊತೆಗೆ ದಪ್ಪ ಕಪ್ಪು ಚುಕ್ಕೆಗಳು, ಉದ್ದುದ್ದ ಗೀಟುಗಳು ಕಾಣುತ್ತವೆ. ಇಲ್ಲಿ ಅಂಗೈ ಊರು, ಇಲ್ಲಿ ಬೆರಳು ಜಾರಿಸು ಎಂದು ಅವು ಹೇಳುತ್ತವೆ. ಒಂದು ತುಣುಕು ಪೂರ್ತಿ ಜಾರಾಟವೇ: ಕೈ ಕೀಗಳ ಮೇಲೆ ಹೋಗುತ್ತ ಬರುತ್ತ ಇರಬೇಕು. ಇನ್ನೊಂದು ರಷ್ಯಾದ ಸಂಯೋಜಕ ಚೈಕೋವ್‌ಸ್ಕಿಗೆ ನಮನ. ಆತನ ಮೊದಲ ಪಿಯಾನೊ ಕನ್ಸರ್ಟೋದ ಆರಂಭದಲ್ಲಿ ಬರುವ ಭಾರಿ ಸ್ವರಗುಚ್ಛಗಳನ್ನು ನುಡಿಸಲು ನುರಿತ ಕಲಾವಿದರ ಕೈಯೇ ಬೇಕು. ಕುರ್ತಾಗ್ ಅದನ್ನು ಅಂಗೈ ಬಡಿತಕ್ಕೆ ಇಳಿಸಿದರು. ಸ್ವರದ ಹೆಸರೂ ಗೊತ್ತಿಲ್ಲದ ಮಗು ಆ ಗತ್ತನ್ನು ತನ್ನ ಎರಡು ಕೈಗಳಲ್ಲೇ ಅನುಭವಿಸಬಹುದು.

ಇದರ ಹಿಂದೆ ಗಟ್ಟಿಯಾದ ವಿಚಾರವಿದೆ. ಪಿಯಾನೊಗೆ 88 ಕೀಗಳು. ರೂಢಿಯ ಪಾಠದಲ್ಲಿ ಮಗು ನಡುವಿನ ನಾಲ್ಕಾರು ಕೀಗಳಿಗೆ ಅಂಟಿಕೊಂಡು, ಬೆರಳು ತಡವರಿಸುತ್ತ, ಒಂದು-ಎರಡು-ಮೂರು ಎಂದು ಎಣಿಸುತ್ತ ತಿಂಗಳುಗಟ್ಟಲೆ ಕೂರುತ್ತದೆ. ಭುಜ ಬಿಗಿಯುತ್ತದೆ, ತಪ್ಪಿನ ಭಯ ಕೂರುತ್ತದೆ. ಮೊದಲ ದಿನದಿಂದಲೇ ಇಡೀ ವಾದ್ಯದ ಮೇಲೆ ಧೈರ್ಯವಾಗಿ ಕೈ ಓಡಲಿ, ಚಲನೆಯ ಖುಷಿ ಮೊದಲು ಸಿಗಲಿ ಎಂಬುದು ಕುರ್ತಾಗ್ ವಾದ. ನಿಖರತೆಗೆ ಆಮೇಲೆ ಸಮಯವಿದೆ.

ಹಾಗೆಂದು ಅವರನ್ನು ಸಡಿಲ ಮೇಷ್ಟರು ಎಂದುಕೊಂಡರೆ ತಪ್ಪಾಗುತ್ತದೆ. ಆಂದ್ರಾಶ್ ಶಿಫ್, ಜೋಲ್ತಾನ್ ಕೋಚಿಶ್ ಅವರಂಥ ಪಿಯಾನೊ ವಾದಕರು ಅವರ ಬಳಿ ಕಲಿತವರು. ಎರಡು ಸಾಲಿನ ಸಂಗೀತಕ್ಕೆ ಗಂಟೆಗಟ್ಟಲೆ ಕೂರಿಸುವ ಗುರು ಎಂದೇ ಅವರ ಹೆಸರು. 'ಆಟಗಳು' ಸಂಗ್ರಹದಲ್ಲೇ ಬೆರಳೆಣಿಕೆಯ ಸ್ವರಗಳ ಪುಟ್ಟ ತುಣುಕುಗಳಿವೆ. ಅವುಗಳಲ್ಲಿ ಒಂದೊಂದು ಸ್ವರವನ್ನೂ ಕಿವಿಗೊಟ್ಟು ಕೇಳಿ, ಅದು ಅಡಗುವವರೆಗೆ ಕಾಯಬೇಕು. ಖುಷಿ ಮತ್ತು ಶಿಸ್ತು ಒಂದಕ್ಕೊಂದು ವೈರಿಗಳು ಎಂಬ ನಂಬಿಕೆ ಎಷ್ಟು ಪೊಳ್ಳು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕುರ್ತಾಗ್‌ಗೂ ಮೊದಲೇ ಅದೇ ಬುಡಾಪೆಸ್ಟಿನಲ್ಲಿ ಈ ದಾರಿ ತುಳಿದವರು ಸಂಯೋಜಕ ಬೇಲಾ ಬಾರ್ಟೋಕ್. ಹಳ್ಳಿಹಳ್ಳಿ ಸುತ್ತಿ ಫೋನೊಗ್ರಾಫಿನಲ್ಲಿ ಜನಪದ ಹಾಡುಗಳನ್ನು ಹಿಡಿದಿಟ್ಟ ಬಾರ್ಟೋಕ್, 1908ರ ಹೊತ್ತಿಗೆ ಹಂಗೇರಿಯ ಮತ್ತು ಸ್ಲೊವಾಕ್ ಹಾಡುಗಳನ್ನು ಮಕ್ಕಳ ಕೈಗೆ ಎಟುಕುವಂತೆ ಪಿಯಾನೊಗೆ ಅಳವಡಿಸತೊಡಗಿದರು. ಒಣ ಅಭ್ಯಾಸದ ಬದಲು ಮಗುವಿಗೆ ಮೊದಲೇ ನಿಜವಾದ ಹಾಡು ಸಿಕ್ಕಿತು.

1933ರಲ್ಲಿ ಅವರು ಮಗ ಪೇಟರ್‌ಗೆ ಪಿಯಾನೊ ಹೇಳಿಕೊಡಲು ಕೂತರು. ಹುಡುಗನಿಗೆ ಆಗ ಒಂಬತ್ತರ ಆಸುಪಾಸು. ಶುರುವಿನಲ್ಲಿ ಬರೀ ಹಾಡಿಸಿದರು ಎಂದು ಪೇಟರ್ ಮುಂದೆ ನೆನಪಿಸಿಕೊಂಡಿದ್ದಾರೆ. ಕೊರಳಲ್ಲಿ ಕೂತದ್ದು ಆಮೇಲೆ ವಾದ್ಯಕ್ಕೆ ಇಳಿಯುತ್ತದೆ ಎಂಬುದು ನಮ್ಮ ವೀಣೆ, ಕೊಳಲಿನ ಗುರುಗಳಿಗೂ ಗೊತ್ತಿರುವ ಮಾತೇ. ಪಾಠದ ನಡುವೆ ಅಪ್ಪ ಸ್ವಲ್ಪ ತಾಳು ಎಂದು ಹೇಳಿ ಮೇಜಿಗೆ ಹೋಗುತ್ತಿದ್ದರಂತೆ. ಲೇಖನಿ ಕಾಗದದ ಮೇಲೆ ಕೆರೆಯುವ ಸದ್ದೊಂದೇ ಕೇಳುತ್ತಿತ್ತು. ಕೆಲವೇ ನಿಮಿಷಗಳಲ್ಲಿ ಆ ಮಗುವಿಗೆಂದೇ, ಆ ದಿನದ ಅಡ್ಡಿಗೆಂದೇ ಬರೆದ ಹೊಸ ತುಣುಕು ಪಿಯಾನೊ ಮೇಲೆ ಬಂದು ಕೂರುತ್ತಿತ್ತು. ಮಗ ಕಲಿಯುವ ವೇಗವನ್ನು ಮೀರಿ ಅಪ್ಪ ಬರೆಯುತ್ತ ಹೋದರು.

ಆರು ಸಂಪುಟ, 153 ತುಣುಕುಗಳ 'ಮಿಕ್ರೊಕೊಸ್ಮೊಸ್' ಬೆಳೆದದ್ದು ಹೀಗೆ. 1940ರಲ್ಲಿ ಅದು ಪ್ರಕಟವಾಯಿತು. ಮೊದಲ ಎರಡು ಸಂಪುಟಗಳು ಪೇಟರ್‌ಗೇ ಅರ್ಪಿತ. ಆರಂಭದ ಆರು ರಾಗಗಳಲ್ಲಿ ಎರಡೂ ಕೈ ಒಂದೇ ಧಾಟಿಯನ್ನು ನುಡಿಸುತ್ತವೆ. ಕೊನೆಯಲ್ಲಿ ಬರುವುದು ಬಲ್ಗೇರಿಯಾದ ವಿಷಮ ತಾಳದ ಆರು ನೃತ್ಯಗಳು. ನಡುವೆ ನೊಣವೊಂದು ಜೇಡರ ಬಲೆಗೆ ಸಿಕ್ಕಿ ಒದ್ದಾಡಿ ಪಾರಾಗುವ ಕಥೆಯೂ ಸ್ವರಗಳಲ್ಲಿದೆ.

ಬೆಂಗಳೂರಿನಲ್ಲಿ ಪಿಯಾನೊ ಕಲಿಯುವ ಅನೇಕ ಮಕ್ಕಳು ಲಂಡನ್ನಿನ ಸಂಸ್ಥೆಗಳ ಗ್ರೇಡ್ ಪರೀಕ್ಷೆ ಬರೆಯುತ್ತಾರೆ. ಆ ಪಠ್ಯಗಳಲ್ಲಿ ಬಾರ್ಟೋಕ್ ತುಣುಕುಗಳೂ ಆಗಾಗ ಸೇರುತ್ತವೆ. ಆದರೆ ಪರೀಕ್ಷೆಗೆಂದು ಮೂರೇ ತುಣುಕುಗಳನ್ನು ವರ್ಷವಿಡೀ ತಿಕ್ಕಿದರೆ ಬಾರ್ಟೋಕ್ ಕೂಡ ಬೇಸರ ತರಿಸುತ್ತಾರೆ. ಮಗುವಿನ ಆ ವಾರದ ಕಷ್ಟ ಯಾವುದೆಂದು ಕಂಡು, ಅದಕ್ಕೆ ತಕ್ಕ ನಾಲ್ಕು ಸಾಲು ಹುಡುಕಿಕೊಡುವ ಗುರು ಸರ್ಟಿಫಿಕೇಟಿಗಿಂತ ದೊಡ್ಡ ಭಾಗ್ಯ.

ಮನೆಯಲ್ಲಿ ಪಿಯಾನೊ ಅಥವಾ ಕೀಬೋರ್ಡ್ ಇರುವ ತಂದೆ-ತಾಯಿಯರು ಮಕ್ಕಳ ಅಭ್ಯಾಸದ ಹೊತ್ತಿನಲ್ಲಿ ಹತ್ತು ನಿಮಿಷವನ್ನಾದರೂ ಅವರ ಇಷ್ಟಕ್ಕೆ ಬಿಡಿ. ಅವರು ಅಂಗೈಯಲ್ಲಿ ಬಡಿಯಲಿ, ಬೆರಳು ಜಾರಿಸಲಿ, ಕೇಳಿದ ಹಾಡಿನ ಧಾಟಿ ಹುಡುಕಲಿ. ಆಗ ಪಕ್ಕದಲ್ಲಿ ಕೂತು ಕೇಳಿ, ತಿದ್ದಲು ಹೋಗಬೇಡಿ.