ಹೈಸ್ಕೂಲಿನ ದಾರಿ ಮತ್ತು ಒಂದು ಸೈಕಲ್ಲು

ಹಳ್ಳಿಯ ಹೆಣ್ಣುಮಕ್ಕಳ ಓದು ನಡುವೆಯೇ ನಿಲ್ಲುವುದೇಕೆ ಎಂದು ಯಾರಾದರೂ ಕೇಳಿದರೆ ಬಡತನ, ಮನೆಗೆಲಸ, ಎಳವೆಯಲ್ಲಿಯೇ ಮದುವೆ ಎಂದು ನಾವೆಲ್ಲರೂ ಉತ್ತರ ಕೊಡುತ್ತೇವೆ. ಆ ಉತ್ತರಗಳಾವುವೂ ಸುಳ್ಳಲ್ಲ. ಆದರೆ ಅವುಗಳ ಸಾಲಿನಲ್ಲಿ ನಾವು ಸಾಮಾನ್ಯವಾಗಿ ಎಣಿಸದೆ ಬಿಡುವ ಇನ್ನೊಂದು ಕಾರಣವುಂಟು, ಅದು ದಾರಿ. ಊರ ಶಾಲೆಯಲ್ಲಿ ಓದುವವರೆಗೆ ಮಗಳು ಮನೆಯವರ ಕಣ್ಣಳತೆಯಲ್ಲಿರುತ್ತಾಳೆ. ಹೈಸ್ಕೂಲು ಪಕ್ಕದ ದೊಡ್ಡ ಊರಿನಲ್ಲಿದ್ದರೆ ಹೊಲಗಳ ನಡುವಿನ ನಿರ್ಜನವಾದ ಹಾದಿಯನ್ನು ಹೋಗಿ ಬರುವಾಗ ಎರಡು ಸಲ ತುಳಿಯಬೇಕು. ಮಗಳು ದೊಡ್ಡವಳಾದಳೆಂಬ ತಾಯಿತಂದೆಯರ ಆತಂಕವೂ ಅದೇ ವಯಸ್ಸಿನಲ್ಲಿ ಹುಟ್ಟುತ್ತದೆ. ದೂರ ಮತ್ತು ಆತಂಕ ಕೂಡಿದಲ್ಲಿ ಓದು ಮುಗಿಯಿತೆಂದೇ ತಿಳಿಯಬೇಕು.

ಕಾನೂನಿನ ನೆರವೂ ಸರಿಯಾಗಿ ಇಲ್ಲಿಯೇ ಕೊನೆಗೊಳ್ಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯನ್ನನುಸರಿಸಿ ರೂಪುಗೊಂಡ ಕೇಂದ್ರದ ನಿಯಮಗಳಂತೆ ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೂ ಎಂಟನೆಯವರೆಗಿನ ಶಾಲೆ ಮೂರು ಕಿಲೋಮೀಟರಿನೊಳಗೂ ಇರಬೇಕು. ಆ ಹಕ್ಕು ಹದಿನಾಲ್ಕನೆಯ ವಯಸ್ಸಿನವರೆಗೆ ಮಾತ್ರ. ಒಂಬತ್ತು, ಹತ್ತನೆಯ ತರಗತಿಗಳಿಗೆ ಹೋಗಬೇಕಾದ ಮಗುವಿನ ಪಾಲಿಗೆ ದಾರಿ ಉದ್ದವಾಗುತ್ತದೆ, ಹಕ್ಕು ಮೊಟಕಾಗುತ್ತದೆ.

ಈ ತೊಡಕನ್ನು ಬಿಡಿಸಲು ದ್ವಿಚಕ್ರವನ್ನೇ ನೆಚ್ಚಿದ ಸರಕಾರಗಳಲ್ಲಿ ಕರ್ನಾಟಕದ್ದೂ ಒಂದು. 2006–07ರಲ್ಲಿ ಅಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಬೀದರ, ಕಲಬುರಗಿಗಳ ಹಳ್ಳಿದಾರಿಗಳಲ್ಲಿ ಸಮವಸ್ತ್ರ ಧರಿಸಿದ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ತುಳಿಯುತ್ತ ಹೋಗುವ ನೋಟ ಸಾಮಾನ್ಯವಾಯಿತು. ಸೈಕಲ್ಲುಗಳ ಗುಣಮಟ್ಟದ ಬಗೆಗೆ ದೂರುಗಳು ಬಂದುದೂ ಉಂಟು. 2020ರಲ್ಲಿ ಕೋವಿಡ್ ಪಿಡುಗು ಬಂದು ಶಾಲೆಗಳು ಮುಚ್ಚಿದಾಗ ವಿತರಣೆಯೂ ನಿಂತಿತು.

ಅದೇ 2006ರಲ್ಲಿ ಬಿಹಾರವೂ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ಲಿಗೆಂದು ಎರಡು ಸಾವಿರ ರೂಪಾಯಿ ಕೊಡಲು ಮುಂದಾಯಿತು. ಇದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರು ನೆರೆಯ ಝಾರ್ಖಂಡಿನೊಡನೆ ಹೋಲಿಸಿ ಅಳೆದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತು. ಹುಡುಗ ಹುಡುಗಿಯರ ನಡುವಣ ಅಂತರ ಶೇಕಡಾ 40ರಷ್ಟು ತಗ್ಗಿತು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತ ಹುಡುಗಿಯರ ಸಂಖ್ಯೆ ಶೇಕಡಾ 18ರಷ್ಟೂ ಉತ್ತೀರ್ಣರಾದವರ ಸಂಖ್ಯೆ ಶೇಕಡಾ 12ರಷ್ಟೂ ಹೆಚ್ಚಿತು. ಈ ಏರಿಕೆ ಬಹುಮಟ್ಟಿಗೆ ಕಂಡುಬಂದುದು ಹೈಸ್ಕೂಲಿನಿಂದ ದೂರವಿದ್ದ ಹಳ್ಳಿಗಳಲ್ಲಿ. ಮನೆಯವರ ಮನಸ್ಸು ಓದಿಗೆ ವಿರೋಧವಾಗಿರಲಿಲ್ಲ, ದಾರಿಗೆ ಅಂಜಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಡಲಾಚೆಯ ಆಫ್ರಿಕದಲ್ಲಿಯೂ ಇದೇ ಅನುಭವ. ಜಾಂಬಿಯಾ ದೇಶದಲ್ಲಿ ದೂರದಿಂದ ನಡೆದು ಬರುವ ಹುಡುಗಿಯರಿಗೆ ವರ್ಲ್ಡ್ ಬೈಸಿಕಲ್ ರಿಲೀಫ್ ಎಂಬ ಸಂಸ್ಥೆ ಸೈಕಲ್ ಒದಗಿಸಿತು. ತಡವಾಗಿ ಬರುವುದು ಶೇಕಡಾ 66ರಷ್ಟೂ ಗೈರುಹಾಜರಿ ಶೇಕಡಾ 27ರಷ್ಟೂ ಇಳಿದವೆಂದು ಅಲ್ಲಿ ನಡೆದ ಅಧ್ಯಯನ ಹೇಳುತ್ತದೆ. ಒರಟು ಹಾದಿಗೆ ತಕ್ಕ ಗಟ್ಟಿಯಾದ ಸೈಕಲ್, ರಿಪೇರಿಗೆ ಸ್ಥಳೀಯರಿಗೇ ತರಬೇತಿ, ಮೇಲ್ವಿಚಾರಣೆಗೆ ಊರವರದೇ ಸಮಿತಿ: ಈ ಮೂರೂ ಅಲ್ಲಿನ ಏರ್ಪಾಡಿನಲ್ಲಿ ಸೇರಿದ್ದವು.

ಇನ್ನು ನಮ್ಮ ಸೀಮೆಗೆ ಬರೋಣ. ಕಲ್ಹೇರ್ ಇರುವ ನಾರಾಯಣಖೇಡ ತಾಲ್ಲೂಕೂ ಜಹೀರಾಬಾದಿನ ಬಹುಭಾಗವೂ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು; ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವು ಆಂಧ್ರಪ್ರದೇಶಕ್ಕೂ, 2014ರಲ್ಲಿ ತೆಲಂಗಾಣಕ್ಕೂ ಸೇರಿದವು. ನೆಂಟಸ್ತಿಕೆ, ಜಾತ್ರೆ, ಸಂತೆಗಳು ಇಂದಿಗೂ ಗಡಿಯ ಎರಡೂ ಕಡೆ ಹರಡಿಕೊಂಡಿವೆ. ಸರಕಾರದ ಯೋಜನೆ ಮಾತ್ರ ಗಡಿಯ ಕಲ್ಲಿನ ಬಳಿ ನಿಲ್ಲುತ್ತದೆ. ಆಚೆಯ ಊರಿನ ಅಕ್ಕನ ಮಗಳಿಗೆ ಸಿಕ್ಕ ಸೈಕಲ್ಲು ಈಚೆಯ ಊರಿನ ತಂಗಿಯ ಮಗಳಿಗೆ ಸಿಕ್ಕಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ನಾವು ಯಾರ ದಾರಿಯನ್ನೂ ಕಾಯುತ್ತ ಕೂಡಬಾರದೆಂಬುದಕ್ಕೆ ಹೇಳುತ್ತಿದ್ದೇವೆ.

ಹೆಣ್ಣುಮಕ್ಕಳಿಗೆ ಬಸ್ಸೇ ಉಚಿತವಾಗಿರುವಾಗ ಸೈಕಲ್ಲೇಕೆ ಎಂದು ಕೆಲವರು ಕೇಳಬಹುದು. 2023ರ ಡಿಸೆಂಬರ್ 9ರಂದು ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆ ಬಂದಿತು. ಅದರಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಚೀಟಿ ಉಚಿತವಾದ ಮಾತ್ರಕ್ಕೆ ಬಸ್ಸು ಪ್ರತಿ ತಾಂಡಾಕ್ಕೂ ಬರುವುದಿಲ್ಲ. ಬಂದರೂ ಶಾಲೆಯ ಗಂಟೆಗೆ ಸರಿಯಾಗಿ ಬರಬೇಕೆಂದಿಲ್ಲ. ಬಸ್ಸು ನಿಲ್ಲುವ ರಸ್ತೆಯವರೆಗಿನ ಒಳದಾರಿ ಹೇಗೂ ಉಳಿಯಿತು. ಸೈಕಲ್ಲಿಗಾದರೋ ಹುಡುಗಿಯ ಗಂಟೆಯೇ ಗಂಟೆ.

ಹಾಗೆಂದು ಒಂದು ಸೈಕಲ್ಲು ಕೊಂಡು ಫೋಟೋ ತೆಗೆಸಿದರೆ ಕೆಲಸ ಮುಗಿಯುವುದಿಲ್ಲ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿಯನ್ನು ಅಲುಗದಂತೆ ಮಾಡುತ್ತದೆ. ಜಾಲಿಮುಳ್ಳು ಟ್ಯೂಬನ್ನು ಬಿಡುವುದಿಲ್ಲ. ಒಂದು ಪಂಕ್ಚರಿಗಾಗಿ ವಾರಗಟ್ಟಲೆ ಗೋಡೆಗೊರಗಿ ನಿಂತ ಸೈಕಲ್ಲು ಕೊನೆಗೆ ಹಾಲಿನ ಕ್ಯಾನು ಹೊರಲು ಹೋಗುತ್ತದೆ, ಇಲ್ಲವೆ ಅಣ್ಣನ ಪಾಲಾಗುತ್ತದೆ.

ಆದುದರಿಂದ ಊರಿನವರು ಸೇರಿ ಮಾಡಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಓದು ಮುಗಿಸಿದವರ ಮನೆಗಳಲ್ಲಿ ಧೂಳು ತಿನ್ನುತ್ತಿರುವ ಸೈಕಲ್ಲುಗಳನ್ನು ಒಟ್ಟುಗೂಡಿಸಿ ದುರಸ್ತಿ ಮಾಡಿಸುವುದು. ಎರಡನೆಯದಾಗಿ, ಅವನ್ನು ದಾನವಾಗಿ ಕೊಡದೆ ಹತ್ತನೆಯ ತರಗತಿ ಮುಗಿಯುವವರೆಗಿನ ಎರವಲಾಗಿ ಕೊಡುವುದು; ಅಕ್ಕ ತುಳಿದುದನ್ನು ಆಮೇಲೆ ನೆರೆಮನೆಯ ತಂಗಿ ತುಳಿಯಲಿ. ಮೂರನೆಯದಾಗಿ, ಒಂದು ಪಂಪು, ಪಂಕ್ಚರಿನ ಸಾಮಾನು, ಒಂದೆರಡು ಪಾನಾ ಊರಲ್ಲಿಟ್ಟು, ಹುಡುಗಿಯರಿಗೇ ಅವುಗಳ ಬಳಕೆಯನ್ನು ಕಲಿಸುವುದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಒಬ್ಬಳಿಗೆ ಕೊಡದೆ ಒಂದೇ ದಾರಿಯ ನಾಲ್ಕೈದು ಹುಡುಗಿಯರಿಗೆ ಒಟ್ಟಿಗೆ ಕೊಡುವುದು. ಒಂಟಿ ಹುಡುಗಿಯನ್ನು ಕಳಿಸಲು ಅಂಜುವ ತಾಯಿ ಗುಂಪಿನೊಡನೆ ಕಳಿಸಲು ಒಪ್ಪುತ್ತಾಳೆ.

ಹೆಣ್ಣುಮಗಳು ಸೈಕಲ್ ತುಳಿದರೆ ಜನ ಏನೆಂದಾರು ಎಂಬ ಮಾತು ಇನ್ನೂ ಕೆಲವು ಹಿರಿಯರ ಬಾಯಲ್ಲಿದೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಗ್ರಾಮೀಣ ಸ್ತ್ರೀಯರು ಸೈಕಲ್ ಕಲಿತರು. ಮೊದಮೊದಲು ಆಡಿಕೊಂಡು ನಕ್ಕವರಿದ್ದರು. ತುಳಿಯುವವರು ಹೆಚ್ಚಿದಂತೆ ನಗು ತಾನಾಗಿ ಅಡಗಿತು.

ಜೂನ್ ತಿಂಗಳಲ್ಲಿ ಶಾಲೆಗಳು ಬಾಗಿಲು ತೆರೆಯುತ್ತವೆ. ಅದಕ್ಕೂ ಮುನ್ನ ಓದುಗ ಬಂಧುಗಳು ತಂತಮ್ಮ ಊರಿನಲ್ಲಿ ಒಂದು ಲೆಕ್ಕ ಮಾಡಲಿ: ಊರ ಶಾಲೆ ಮುಗಿಸಿದ ಹುಡುಗಿಯರೆಷ್ಟು, ಮುಂದಿನ ತರಗತಿಗೆ ಹೊರಟವರೆಷ್ಟು, ಮನೆಯಲ್ಲಿಯೇ ಉಳಿದವರೆಷ್ಟು, ಅವರ ಮನೆಗೂ ಹೈಸ್ಕೂಲಿಗೂ ಎಷ್ಟು ದೂರ. ಆ ಚೀಟಿಯನ್ನು ಹಿಡಿದು ಊರ ಹಿರಿಯರ ಮುಂದೆ ಕುಳಿತರೆ, ಎಷ್ಟು ಸೈಕಲ್ಲು ಬೇಕೆಂಬುದು ಅಲ್ಲಿಯೇ ತಿಳಿಯುತ್ತದೆ.